ತಾಮ್ರದ ಆಕ್ಸೈಡುಗಳೂ ಅತಿವಾಹಕತೆಯೂ

ಬೇಗಂ ಬಜಾರಿನ ಪಾತ್ರೆಯಂಗಡಿಗಳಲ್ಲಿ ತಾಮ್ರದ ಕೊಡ, ತಂಬಿಗೆಗಳು ಥಳಥಳಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬೆಳ್ಳಿಯೊಂದನ್ನುಳಿದರೆ ವಿದ್ಯುತ್ತನ್ನು ತಾಮ್ರದಷ್ಟು ಚೆನ್ನಾಗಿ ಹರಿಯಗೊಡುವ ಲೋಹ ಬೇರಿಲ್ಲ. ಆದರೂ ಅದು ಪ್ರವಾಹಕ್ಕೆ ಕೊಂಚ ತಡೆಯನ್ನೊಡ್ಡುತ್ತದೆ. ತಂತಿ ಬಿಸಿಯಾಗುವುದು ಇದರಿಂದಲೇ.

೧೯೧೧ರಲ್ಲಿ ಹಾಲೆಂಡಿನ ವಿಜ್ಞಾನಿ ಕಾಮರ್ಲಿಂಗ್ ಓನೆಸ್ ಪಾದರಸವನ್ನು ಸೊನ್ನೆಗಿಂತ ೨೬೯ ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಕ್ಕೆ ತಣಿಸಿದಾಗ ಅದರ ತಡೆ ಪೂರ್ಣವಾಗಿ ಮಾಯವಾಯಿತು. ಈ ಗುಣಕ್ಕೆ ಅತಿವಾಹಕತೆಯೆಂದು ಹೆಸರು. ಸೋಜಿಗವೆಂದರೆ, ಉತ್ತಮ ವಾಹಕವಾದ ತಾಮ್ರದಲ್ಲಿ ಇದು ಕಂಡುಬಂದಿಲ್ಲ. ಪಿಂಗಾಣಿಯಂತೆ ಪೆಡಸಾದ ಅದರ ಕೆಲವು ಆಕ್ಸೈಡುಗಳಲ್ಲಿ ಕಂಡುಬಂದಿದೆ!

ಲ್ಯಾಂಥನಮ್, ತಾಮ್ರ, ಆಮ್ಲಜನಕಗಳು ಸೇರಿದ ಆಕ್ಸೈಡೊಂದನ್ನು ನೋಡೋಣ. ಅದರಲ್ಲಿ ಪರಮಾಣುಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿವೆ. ತಾಮ್ರ ಮತ್ತು ಆಮ್ಲಜನಕಗಳ ಪದರವು ಚೌಕಳಿಯ ಬಲೆಯಂತಿದೆ. ಶುದ್ಧಸ್ಥಿತಿಯಲ್ಲಿ ಎಲೆಕ್ಟ್ರಾನುಗಳು ಒಂದನ್ನೊಂದು ತಡೆದು ನಿಲ್ಲುವುದರಿಂದ ಅದು ವಿದ್ಯುತ್ತನ್ನು ಹರಿಯಗೊಡದು. ಲ್ಯಾಂಥನಮ್ಮಿನ ಅಲ್ಪಭಾಗಕ್ಕೆ ಬದಲಾಗಿ ಬೇರಿಯಮ್ ಸೇರಿಸಿದರೆ ಪದರದಲ್ಲಿ ಕೆಲವು ಎಲೆಕ್ಟ್ರಾನುಗಳು ಕಡಮೆಯಾಗುತ್ತವೆ. ಹಬ್ಬದ ಮುನ್ನಾದಿನ ಕಿಕ್ಕಿರಿದ ಬಜಾರಿನ ಓಣಿಯಲ್ಲಿ ನಾಲ್ವರು ಹೊರಟುಹೋದರೆ ಉಳಿದವರಿಗೆ ದಾರಿಯಾಗುವುದಷ್ಟೆ? ಹಾಗೆಯೇ ವಿದ್ಯುತ್ತು ಹರಿಯತೊಡಗುತ್ತದೆ. ಪದರದ ಗುಂಟ ಸುಲಭವಾಗಿ, ಪದರದಿಂದ ಪದರಕ್ಕೆ ಪ್ರಯಾಸದಿಂದ.

ಇಂತಹ ವಸ್ತು ಸುಮಾರು ೩೦ ಕೆಲ್ವಿನ್ ಉಷ್ಣತೆಯಲ್ಲಿ, ಎಂದರೆ ಸೊನ್ನೆಗಿಂತ ೨೪೩ ಡಿಗ್ರಿ ಸೆಂಟಿಗ್ರೇಡ್ ಕೆಳಗೆ, ಅತಿವಾಹಕವಾಗತೊಡಗುವುದೆಂದು ೧೯೮೬ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆಡ್‌ನೋರ್ಟ್ಸ್ ಮತ್ತು ಮ್ಯೂಲರ್ ಎಂಬವರು ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಬಹುಮಾನ ದೊರೆಯಿತು.

ನಮಗೆ ಹೆಮ್ಮೆಯ ಸಂಗತಿಯೊಂದುಂಟು. ಲ್ಯಾಂಥನಮ್ ಮತ್ತು ತಾಮ್ರಗಳ ಈ ಆಕ್ಸೈಡಿನ ಗುಣಗಳನ್ನು ಪಿ. ಗಂಗೂಲಿಯವರೂ ಕನ್ನಡಿಗರಾದ ಸಿ. ಎನ್. ಆರ್. ರಾವ್ ಅವರೂ ಅದಕ್ಕೂ ಮೊದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಭ್ಯಸಿಸಿದ್ದರು. ೧೯೮೭ರಲ್ಲಿ ಅಮೆರಿಕದ ವಿಜ್ಞಾನಿಗಳು ಯಿಟ್ರಿಯಮ್, ಬೇರಿಯಮ್, ತಾಮ್ರಗಳ ಆಕ್ಸೈಡು ೯೩ ಕೆಲ್ವಿನ್ನಿನಲ್ಲಿಯೇ ಅತಿವಾಹಕವಾಗುವುದೆಂದು ಸಾರಿದರು. ರಾವ್ ಅವರ ತಂಡವೂ ಅದೇ ವರ್ಷ ಆ ಬಗೆಯ ಆಕ್ಸೈಡನ್ನು ಸಿದ್ಧಪಡಿಸಿ ಶೋಧಿಸಿತು. ದ್ರವ ನೈಟ್ರೋಜನ್ ೭೭ ಕೆಲ್ವಿನ್ನಿನಲ್ಲಿ ಕುದಿಯುತ್ತದೆ. ಆದುದರಿಂದ ದುಬಾರಿಯಾದ ದ್ರವ ಹೀಲಿಯಮ್ಮಿನ ಹಂಗು ತಪ್ಪಿತು. ಈ ಆಕ್ಸೈಡಿನಲ್ಲಿ ತಾಮ್ರದ ೩ ಪರಮಾಣುಗಳಿಗೆ ಆಮ್ಲಜನಕದ ೭ ಪರಮಾಣುಗಳಿದ್ದರೆ ಅತಿವಾಹಕತೆ ಉಂಟು. ೬ಕ್ಕೆ ಇಳಿದರೆ ಇಲ್ಲ!

ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಚಲಿಸುತ್ತವೆ. ಈ ಆಕ್ಸೈಡುಗಳಲ್ಲಿ ಆ ಜೋಡಿಗಳನ್ನು ಕಟ್ಟುವ ಶಕ್ತಿ ಯಾವುದೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಪರಿಚಿತವಾದ ವಸ್ತುವಿನಲ್ಲಿಯೂ ಅಪರಿಚಿತ ಗುಣ ಅಡಗಿರಬಹುದು. ವಿದ್ಯಾರ್ಥಿಮಿತ್ರರೇ, ಈ ಪ್ರಶ್ನೆಯ ಉತ್ತರ ನಿಮ್ಮಲ್ಲೊಬ್ಬರಿಂದ ಏಕೆ ಬರಬಾರದು?