ಎ.ಟಿ.ವಿ. ಗಾಡಿಯ ರಬ್ಬರ್ ಬೂಟು

ತೋಟದೊಳಗೆ ಗೊಬ್ಬರ ಸಾಗಿಸಲು ಎ.ಟಿ.ವಿ. ಇಟ್ಟುಕೊಂಡಿರುವ ಸದಸ್ಯರು ಮಳೆಗೆ ಮೊದಲು ಚಕ್ರದ ಒಳಬದಿಯನ್ನು ಬಗ್ಗಿ ನೋಡಬೇಕು. ಆಕ್ಸಲಿನ ಸಿ.ವಿ. ಜಾಯಿಂಟನ್ನು ಕಾಯುವುದು ಸುಕ್ಕುಸುಕ್ಕಾದ ಒಂದು ರಬ್ಬರ್ ಬೂಟು. ಕತ್ತರಿಸಿದ ರೆಂಬೆಯ ಮೊನೆ ತಾಗಿ ಅದು ಹರಿದರೆ ಗ್ರೀಸ್ ಹೊರಗೆ ಚಿಮ್ಮುತ್ತದೆ, ಕೆಸರು ಒಳಗೆ ಸೇರಿ ಗುಂಡುಗಳನ್ನು ಸವೆಸುತ್ತದೆ. ಗಾಡಿ ತಿರುಗಿಸುವಾಗ 'ಟಕ ಟಕ' ಸದ್ದು ಶುರುವಾಯಿತೆಂದರೆ ಬೂಟು ಬದಲಿಸಿ ಪ್ರಯೋಜನವಿಲ್ಲ, ಜಾಯಿಂಟಿಗೇ ಹಣ ತೆರಬೇಕು. ಆದುದರಿಂದ ಗ್ರೀಸ್ ಸಿಡಿದ ಗುರುತು ಕಂಡ ದಿನವೇ ಗಾಡಿ ನಿಲ್ಲಿಸಿರಿ.

ಆಕ್ಸಲ್ ಬಿಚ್ಚಿ, ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿರಿ. ಸಾಮಾನ್ಯ ಗ್ರೀಸ್ ಬೇಡ. ಮಾಲಿಬ್ಡಿನಮ್ ಬೆರೆತ ಕಪ್ಪು ಸಿ.ವಿ. ಗ್ರೀಸನ್ನೇ ಗುಂಡುಗಳ ಸಂದಿಗೆ ಬೆರಳಿನಿಂದ ಒತ್ತಿ ತುಂಬಿರಿ. ಹೊಸ ಬೂಟು ಕೂರಿಸಿ, ಒಳಗಿನ ಗಾಳಿ ಹೊರಬಿಟ್ಟ ಮೇಲೆ ಕ್ಲಿಪ್ ಬಿಗಿಯಿರಿ. ಕ್ಲಿಪ್ಪಿನ ಬದಲು ಬೇಲಿ ತಂತಿ ಸುತ್ತಿದರೆ (ನಾನೂ ಒಮ್ಮೆ ಸುತ್ತಿದ್ದೆ) ರಬ್ಬರನ್ನು ಅದೇ ಕುಯ್ಯುತ್ತದೆ.