ಮುಂದೇನು ಅಂತ ಮಗುವಿಗೇ ಗೊತ್ತಿರಬೇಕು

ಒಂದೇ ಕೋಣೆ, ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು, ಒಬ್ಬಳೇ ಟೀಚರ್. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ನನ್ನ ನಲಿ–ಕಲಿ ನಡೆದದ್ದು ಬಹುಪಾಲು ಹೀಗೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಹೊರಗಿನವರಿಗೆ ಅದು ಹಾಡು, ಕುಣಿತ. ನನಗೆ ಅದರಲ್ಲಿ ದಕ್ಕಿದ್ದು ಬೇರೆ: ಕೈಯಲ್ಲಿರುವ ಕಲಿಕೆಯ ಕಾರ್ಡು ಮುಗಿದಾಗ ಮುಂದೇನು ಅಂತ ನನ್ನ ಸೆರಗು ಎಳೆಯದೆ ಮಗುವಿಗೇ ತಿಳಿಯಬೇಕು. ಆಗ ಮಾತ್ರ ಶಿಕ್ಷಕರ ಪೂರ್ಣ ನೆರವು ಬೇಕಾದ ಗುಂಪಿನ ಮಕ್ಕಳ ಜತೆ ನಾನು ನಿಶ್ಚಿಂತೆಯಿಂದ ಕೂರಬಹುದು.

ಹಾಗಾಗಿ ಜೂನಿನಲ್ಲಿ ಅಕ್ಷರಕ್ಕಿಂತ ಕಾರ್ಡಿನ ಮೂಲೆಯ ಚಿತ್ರಗಳನ್ನೇ ಹೆಚ್ಚು ಕಲಿಸುತ್ತೇನೆ. ಈ ಚಿತ್ರವಿದ್ದರೆ ಗೋಡೆಹಲಗೆಗೆ ಹೋಗಿ ಬರಿ, ಆ ಚಿತ್ರವಿದ್ದರೆ ಗೆಳತಿಗೆ ಓದಿ ಹೇಳು, ಎತ್ತಿಕೊಂಡ ಕಾರ್ಡನ್ನು ಅದೇ ಜಾಗದಲ್ಲಿಡು. ಸಪ್ಪೆ ಕೆಲಸ. ಅದಕ್ಕೆ ಅವಸರ ಮಾಡಿದ ಕೋಣೆಯಲ್ಲಿ ಮಾರ್ಚ್ ಬಂದರೂ ಗಲಾಟೆ ಅಡಗುವುದಿಲ್ಲ.

ಚನ್ನಗಿರಿ ಕಡೆ ಅಡಿಕೆ ಹಾಳೆಗೇನು ಬರ? ಅಂಚು ಮಡಚಿ, ಜರಡಿ ಹಿಡಿದ ಮರಳು ಹರಡಿದರೆ ಬೆರಳಲ್ಲಿ ತಿದ್ದುವ ತಟ್ಟೆ ಸಿದ್ಧ. ತಪ್ಪಾದರೆ ಅಲ್ಲಾಡಿಸಿದರಾಯಿತು. ಪೆನ್ಸಿಲ್ಲಿಗೆ ಬೆರಳು ಇನ್ನೂ ಪಳಗದ ಮಕ್ಕಳು ಗಂಟೆಗಟ್ಟಲೆ ಅದರ ಮುಂದಿರುತ್ತಾರೆ. ಅಲ್ಲೇ ಒಬ್ಬ ಅಜ್ಜಿ ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದರು. “ಅಲ್ಲ ಮೇಡಂ, ಅ ಆ ಇ ಈ ಬಿಟ್ಟು ಇದೇನು ರ ಗ ಸ ದ ಅಂತ ಹೇಳಿಕೊಟ್ಟೀರಿ?” ಬಹಳ ಮನೆಗಳ ತಕರಾರು ಇದು. ರ, ಗ, ಸ, ದ, ಅ ಬಂದರೆ ಸರ, ದರ, ಅರಸ, ಅಗಸ ಎಂದು ಮಗು ಕೂಡಲೇ ಓದುತ್ತದೆ. ಸ್ವರಗಳನ್ನು ಸಾಲಾಗಿ ಬಾಯಿಪಾಠ ಮಾಡಿದ ಮಗು ಪದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕು. ನಾನು ಅಜ್ಜಿಯ ಜತೆ ವಾದಕ್ಕಿಳಿಯಲಿಲ್ಲ. ಜ, ವ, ಮ, ಬ, ನ ಮುಗಿದ ಮೇಲೆ ಮೊಮ್ಮಗ ಮನೆ ಗೋಡೆಗೆ ಇದ್ದಿಲಲ್ಲಿ ‘ಬಸವ’ ಎಂದು ಗೀಚಿದ. ಗೋಡೆ ಕೆಟ್ಟಿತೆಂದು ಅಜ್ಜಿ ಬೈದರಂತೆ, ಅಳಿಸಲಿಲ್ಲವಂತೆ.

ಹೊನ್ನಾಳಿಯಲ್ಲಿ ಮಕ್ಕಳು ಹೆಚ್ಚು, ಜಾಗ ಕಡಿಮೆ. ಕೂಗುವುದನ್ನು ಬಿಟ್ಟು ಚಪ್ಪಾಳೆಯ ತಾಳ ಹಾಕುತ್ತಿದ್ದೆ. ಅದನ್ನು ಮರಳಿ ತಟ್ಟುವಷ್ಟರಲ್ಲಿ ಕೋಣೆ ತಣ್ಣಗಾಗುತ್ತಿತ್ತು. ಇಷ್ಟು ಸಾಕು ಆ ಊರಿನ ಬಗ್ಗೆ.

ಹೆಚ್ಚು ಕಲಿಸಿದ್ದು ನ್ಯಾಮತಿ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವ ತಾಲ್ಲೂಕು ಅದು. ತಾಂಡಾದ ಮಕ್ಕಳ ಮನೆಮಾತು ಲಂಬಾಣಿ. ಅಮ್ಮ ಅವರಿಗೆ ಯಾಡಿ, ನೀರು ಪಾಣಿ, ರೊಟ್ಟಿ ಬಾಟಿ. ಚಿತ್ರ ತೋರಿಸಿ ಮೊದಲು ಅವರ ಮಾತಲ್ಲೇ ಹೇಳಿಸುತ್ತಿದ್ದೆ, ಕನ್ನಡ ಆಮೇಲೆ. ಮೂರನೇ ತರಗತಿಯ ಹುಡುಗಿಯರೇ ನನಗೆ ದುಭಾಷಿಗಳು. ದೊಡ್ಡ ತೊಡಕು ಮಾತಿನದಲ್ಲ, ಗುಳೆಯದು. ಕಬ್ಬು ಕಡಿಯಲು, ಕಾಫಿ ಕೊಯ್ಯಲು ಹೊರಟ ಅಪ್ಪ–ಅಮ್ಮನ ಜತೆ ಮಕ್ಕಳೂ ಹೊರಡುತ್ತಾರೆ. ತಿಂಗಳುಗಳ ಮೇಲೆ ಬಂದ ಮಗುವನ್ನು “ಎಲ್ಲಿ ಹೋಗಿದ್ದೆ?” ಎಂದು ಎಲ್ಲರೆದುರು ಕೇಳಬಾರದು. ಕಾರ್ಡುಗಳ ಕ್ರಮವನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯ ಹತ್ತಿರ ಕರೆದೊಯ್ದು, ಮಗು ಬಿಟ್ಟುಹೋದ ಮೆಟ್ಟಿಲಿಗಿಂತ ಎರಡು ಕೆಳಗಿನ ಕಾರ್ಡು ಕೊಡಬೇಕು. ಗೊತ್ತಿರುವುದನ್ನು ಒಂದಿಷ್ಟು ಗೆದ್ದ ಮೇಲೆ ಮಗುವೇ ಮೇಲಿನ ಕಾರ್ಡಿಗೆ ಕೈ ಹಾಕುತ್ತದೆ. ಎಲ್ಲರಿಗೂ ಒಂದೇ ಪುಟ ತೆರೆಸುವ ತರಗತಿಯಲ್ಲಿ ಇಂಥ ಮಗುವಿಗೆ ಜಾಗವೇ ಇಲ್ಲ.

ಜಗಳೂರಿನ ಬಯಲಿನಲ್ಲಿ ಹುಣಸೆಬೀಜವೇ ನನ್ನ ಗಣಿತದ ಪೆಟ್ಟಿಗೆ. ಚೌಕಾಬಾರಕ್ಕೆ ಮಾಡುವ ಹಾಗೆ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ಐದು ಬೀಜ, ಇಬ್ಬರು ಮಕ್ಕಳು. ಎಸೆದಾಗ ಮೂರು ಬಿಳಿ, ಎರಡು ಕಪ್ಪು. ಮತ್ತೊಮ್ಮೆ ಒಂದು ಬಿಳಿ, ನಾಲ್ಕು ಕಪ್ಪು. ಆಮೇಲೆ ಒಬ್ಬ ಕೆಲವನ್ನು ಅಂಗೈಯಲ್ಲಿ ಮುಚ್ಚಬೇಕು, ಇನ್ನೊಬ್ಬಳು ಹೊರಗಿರುವುದನ್ನು ನೋಡಿ ಒಳಗೆಷ್ಟು ಅಂತ ಹೇಳಬೇಕು. ತಪ್ಪಿದರೆ ಅಂಗೈ ಬಿಚ್ಚಿದರೆ ಸಾಕು, ತೀರ್ಪಿಗೆ ನಾನು ಬೇಕಿಲ್ಲ. ಬೆರಳು ಎಣಿಸದೆ ಉತ್ತರ ಬರತೊಡಗಿದಾಗ ಬೀಜ ಹತ್ತಕ್ಕೇರಿಸುತ್ತೇನೆ. ಅಲ್ಲಿಯವರೆಗೆ ಪುಸ್ತಕದಲ್ಲಿ ಕೂಡುವ ಲೆಕ್ಕ ಬರೆಸುವ ಗೋಜಿಗೆ ಹೋಗುವುದಿಲ್ಲ, ತಪಾಸಣೆಗೆ ಬಂದವರು ಪುಟ ಖಾಲಿಯಿದೆಯಲ್ಲ ಎಂದು ಕೇಳಿದರೂ.