ಚಾ ಸರಿಯೋ, ಟೀ ಸರಿಯೋ?

ಹುಬ್ಬಳ್ಳಿ ಕಡೆಯಿಂದ ನಮ್ಮ ತರಗತಿಗೆ ಬಂದ ಹುಡುಗ "ಚಾ ಕುಡದ ಬಂದೇನ್ರೀ ಸರ್" ಅಂದಾಗ ನಾವೆಲ್ಲ ನಕ್ಕೆವು. ನಾವು 'ಟೀ' ಅನ್ನೋರು ತಾನೆ! ಆದರೆ ಎರಡರ ಮೂಲವೂ ಚೀನಾ. ಅಲ್ಲಿ ಈ ಪದಕ್ಕೆ ಬರೆಯುವ ಅಕ್ಷರ ಒಂದೇ. ಹೆಚ್ಚಿನ ಕಡೆ ಅದನ್ನು 'ಚಾ' ಎಂದು ಓದುತ್ತಾರೆ, ಫುಜಿಯಾನ್ ಪ್ರಾಂತ್ಯದ ದಕ್ಷಿಣ ಕರಾವಳಿಯಲ್ಲಿ 'ತೆ' ಎನ್ನುತ್ತಾರೆ. 17ನೇ ಶತಮಾನದಲ್ಲಿ ಡಚ್ ವರ್ತಕರು ಹಡಗಿನಲ್ಲಿ ಚಹಾ ಸೊಪ್ಪಿನ ಜೊತೆಗೆ ಈ 'ತೆ'ಯನ್ನೂ ಯುರೋಪಿಗೆ ಒಯ್ದರು. ಅದೇ ಫ್ರೆಂಚರ 'ತೇ', ಇಂಗ್ಲಿಷರ 'ಟೀ'. ಭೂಮಾರ್ಗವಾಗಿ ಹೋದ 'ಚಾ' ಪರ್ಷಿಯಾ, ರಷ್ಯಾ, ತುರ್ಕಿಗಳಲ್ಲಿ 'ಚಾಯ್' ಆಯಿತು. ಜಪಾನಿನಲ್ಲಂತೂ ಇಂದಿಗೂ 'ಚಾ'ನೇ! ನಮ್ಮ ಗೆಳೆಯ ಬೀಜಿಂಗಿಗೆ ಹೋಗಿ 'ಚಾ' ಅಂದರೆ ಅಲ್ಲಿಯವರಿಗೆ ತಿಳಿಯುತ್ತೆ. ನಕ್ಕವರಲ್ಲಿ ನಾನೂ ಒಬ್ಬ. ಇದನ್ನು ಮೊದಲು ಅವನಿಗೇ ಓದಿ ಹೇಳಿದೆ.